ದಾದರ್‌ನ ಪುಟ್ಟ ಹಾಲ್‌ಗೆ ಹೋಂ ಥಿಯೇಟರ್: ಸ್ಪೀಕರ್ ಖರೀದಿಗೂ ಮುನ್ನ ತಿಳಿದಿರಬೇಕಾದ ಸಂಗತಿಗಳು

ಮುಂಬೈ: ಗೋಡೆಗೆ ತೂಗುಹಾಕುವ 55 ಇಂಚಿನ ಟಿವಿ ಈಗ ಮಧ್ಯಮ ವರ್ಗದ ಮನೆಗಳಲ್ಲೂ ಸಾಮಾನ್ಯ. ಪರದೆ ದೊಡ್ಡದಾಯಿತು, ತೆಳ್ಳಗೂ ಆಯಿತು. ಆದರೆ ತೆಳ್ಳಗಾದಷ್ಟೂ ಅದರೊಳಗಿನ ಸ್ಪೀಕರ್‌ಗೆ ಜಾಗ ಕಡಿಮೆಯಾಯಿತು. ಚಿತ್ರ ಚಿತ್ರಮಂದಿರದ್ದು, ದನಿ ಮಾತ್ರ ಹಳೆಯ ರೇಡಿಯೋದ್ದು ಎಂಬ ಸ್ಥಿತಿ. ಹಾಗಾಗಿ ಟಿವಿ ಬಂದ ಕೆಲವೇ ತಿಂಗಳಲ್ಲಿ ಹೋಂ ಥಿಯೇಟರ್ ಮಾತು ಏಳುತ್ತದೆ. ಅಂಗಡಿಗೆ ಹೋದರೆ 5.1, 7.1, 5.1.2, ಅಟ್ಮಾಸ್, ಸಾವಿರ ವ್ಯಾಟ್ ಎಂಬ ಅಂಕಿಗಳ ಸುರಿಮಳೆ.

ಈ ಅಂಕಿಗಳೆಲ್ಲ ಹೆಚ್ಚಾಗಿ ದೊಡ್ಡ ಕೋಣೆಯನ್ನು ಮನಸ್ಸಿನಲ್ಲಿಟ್ಟು ಬರೆದವು. ದಾದರ್‌ನಲ್ಲಿ ಲೆಕ್ಕವೇ ಬೇರೆ. ಹಿಂದೂ ಕಾಲೊನಿ, ಪಾರ್ಸಿ ಕಾಲೊನಿ, ಶಿವಾಜಿ ಪಾರ್ಕ್ ಸುತ್ತಲಿನ ಮೂರ್ನಾಲ್ಕು ಮಹಡಿಯ ಹಳೆಯ ಕಟ್ಟಡಗಳು, ಚಾಳ್‌ಗಳು, ಅವುಗಳ ನಡುವೆ ತಲೆ ಎತ್ತುತ್ತಿರುವ ಹೊಸ ಟವರ್‌ಗಳು. ಇಲ್ಲಿ ಹಾಲ್ ಎಂದರೆ ಟಿವಿ ನೋಡುವ ಜಾಗ, ಊಟದ ಜಾಗ, ರಾತ್ರಿ ಯಾರಾದರೊಬ್ಬರು ಮಲಗುವ ಜಾಗ. ಪಕ್ಕದ ಗೋಡೆಯಾಚೆ ಇನ್ನೊಂದು ಸಂಸಾರ. ದಾದರ್, ಮಾಟುಂಗಾ ಭಾಗದಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳಿಗೂ ಇದೇ ಪರಿಸ್ಥಿತಿ. ಹೀಗಿರುವಾಗ ಯಾವ ಸ್ಪೀಕರ್ ಕೊಳ್ಳಬೇಕು ಎಂಬುದನ್ನು ತೀರ್ಮಾನಿಸುವುದು ಬ್ರ್ಯಾಂಡ್ ಅಲ್ಲ, ಕೋಣೆ. ಎಷ್ಟು ಸ್ಪೀಕರ್ ಎಂಬುದಕ್ಕಿಂತ ಎಂಥ ಸ್ಪೀಕರ್, ಎಲ್ಲಿ ಇಟ್ಟಿದ್ದು ಎಂಬುದೇ ಮುಖ್ಯ.

ಮೊದಲು ಟೇಪ್ ಹಿಡಿಯಿರಿ

ಅಂಗಡಿಗೆ ಹೊರಡುವ ಮುನ್ನ ಹಾಲ್‌ನ ಉದ್ದ, ಅಗಲ, ಎತ್ತರ ಹಾಗೂ ಸೋಫಾದಿಂದ ಟಿವಿಗಿರುವ ದೂರ ಅಳೆದು ಬರೆದಿಟ್ಟುಕೊಳ್ಳಿ. ಉದಾಹರಣೆಗೆ, ಹಾಲ್ 10 ಅಡಿ ಅಗಲ, 14 ಅಡಿ ಉದ್ದ, ಸೋಫಾದಿಂದ ಟಿವಿಗೆ 8 ಅಡಿ ಎಂದುಕೊಳ್ಳೋಣ.

ಮುಂದಿನ ಎಡ ಮತ್ತು ಬಲ ಸ್ಪೀಕರ್‌ಗಳು ಕೇಳುಗರ ನೇರ ದೃಷ್ಟಿಯಿಂದ ಎರಡೂ ಬದಿಗೆ 22ರಿಂದ 30 ಡಿಗ್ರಿ ಕೋನದಲ್ಲಿರಬೇಕು ಎನ್ನುತ್ತದೆ ಡಾಲ್ಬಿ ಕಂಪನಿಯ ಮಾರ್ಗಸೂಚಿ. 8 ಅಡಿ ದೂರಕ್ಕೆ ಇದನ್ನು ಲೆಕ್ಕ ಹಾಕಿದರೆ ಎರಡು ಸ್ಪೀಕರ್‌ಗಳ ನಡುವಿನ ಅಂತರ ಸುಮಾರು ಆರೂವರೆಯಿಂದ 9 ಅಡಿ. ಅಂದರೆ ನಮ್ಮ ಮನೆಗಳಿಗೆ ಇದು ಅಸಾಧ್ಯವೇನಲ್ಲ. ತೊಂದರೆ ಇರುವುದು ಹಿಂಬದಿಯಲ್ಲಿ.

5.1 ವ್ಯವಸ್ಥೆಯಲ್ಲಿ ಸರೌಂಡ್ ಸ್ಪೀಕರ್‌ಗಳು ಕೇಳುಗರ ಪಕ್ಕದಲ್ಲಿ ಅಥವಾ ಸ್ವಲ್ಪ ಹಿಂದೆ, ಅಂದರೆ 90ರಿಂದ 110 ಡಿಗ್ರಿಯಲ್ಲಿರಬೇಕು. 7.1 ಆದರೆ ಇವುಗಳ ಜೊತೆಗೆ ಇನ್ನೆರಡು, 135ರಿಂದ 150 ಡಿಗ್ರಿಯಲ್ಲಿ, ಬೆನ್ನ ಹಿಂದೆ. ದಾದರ್‌ನ ಎಷ್ಟು ಮನೆಗಳಲ್ಲಿ ಸೋಫಾದ ಹಿಂದೆ ಜಾಗವಿದೆ? ಸೋಫಾ ಗೋಡೆಗೆ ಅಂಟಿಕೊಂಡೇ ಇರುತ್ತದೆ. ಅಂಥಲ್ಲಿ 7.1 ಕೊಂಡರೆ ಹೆಚ್ಚುವರಿ ಎರಡು ಸ್ಪೀಕರ್‌ಗಳು ಕಿವಿಯ ಪಕ್ಕದಲ್ಲೇ ಕೂಗುತ್ತವೆ, ಇಲ್ಲವೇ ಬೀರುವಿನ ಮೇಲೆ ಧೂಳು ತಿನ್ನುತ್ತವೆ. ಅದೇ ಹಣಕ್ಕೆ ಉತ್ತಮ ಗುಣಮಟ್ಟದ 5.1, ಅಥವಾ ಹಿಂಬದಿಯೇ ಇಲ್ಲದ 3.1 ಕೊಳ್ಳುವುದು ಜಾಣತನ.

ಸೋಫಾ ಗೋಡೆಗೆ ತಾಗಿದ್ದರೆ ಸರೌಂಡ್ ಸ್ಪೀಕರ್‌ಗಳನ್ನು ಪಕ್ಕದ ಗೋಡೆಗಳಲ್ಲಿ, ಕುಳಿತವರ ಕಿವಿಗಿಂತ ಸುಮಾರು 2 ಅಡಿ ಎತ್ತರದಲ್ಲಿ ಅಳವಡಿಸಿ. ಎತ್ತರದಲ್ಲಿದ್ದರೆ ಸೋಫಾದ ತುದಿಯಲ್ಲಿ ಕೂತವರಿಗೆ ಒಂದೇ ಸ್ಪೀಕರ್ ಕಿವಿಗೆ ಬಡಿಯುವುದು ತಪ್ಪುತ್ತದೆ. ಸಾಧ್ಯವಾದರೆ ಸೋಫಾವನ್ನು ಒಂದಡಿಯಾದರೂ ಮುಂದಕ್ಕೆ ಎಳೆಯಿರಿ.

ಸೆಂಟರ್ ಸ್ಪೀಕರ್‌ನಲ್ಲಿ ಚೌಕಾಸಿ ಬೇಡ

ಸಿನಿಮಾದಲ್ಲಿ ಸಂಭಾಷಣೆಯ ಬಹುಪಾಲು ಬರುವುದು ಟಿವಿಯ ಕೆಳಗಿರುವ ಒಂದೇ ಒಂದು ಸೆಂಟರ್ ಸ್ಪೀಕರ್‌ನಿಂದ. 'ಸ್ಫೋಟದ ಸದ್ದು ಕಿವಿಗಡಚಿಕ್ಕುತ್ತದೆ, ಮಾತು ಮಾತ್ರ ಕೇಳುವುದಿಲ್ಲ' ಎಂದು ಮನೆಯ ಹಿರಿಯರು ದೂರುವುದಕ್ಕೆ ಎಷ್ಟೋ ವೇಳೆ ಕಾರಣ ಇದೇ ಸ್ಪೀಕರ್. 2022ರ 'ಕಾಂತಾರ'ವನ್ನೇ ನೋಡಿ. ಕ್ಲೈಮ್ಯಾಕ್ಸ್‌ನ ಆ ಕೂಗು ಯಾವ ಸ್ಪೀಕರ್‌ನಲ್ಲೂ ಮೈ ಜುಮ್ಮೆನಿಸುತ್ತದೆ. ಆದರೆ ಅದರ ಕರಾವಳಿ ಕನ್ನಡದ ಮಾತುಗಳು, ತಮಾಷೆಗಳು ಸ್ಪಷ್ಟವಾಗಿ ಕೇಳದಿದ್ದರೆ ಅರ್ಧ ಸಿನಿಮಾ ಹೋದಂತೆ. ಊರಿನ ಮಾತು ಕೇಳಲೆಂದೇ ಸಿನಿಮಾ ಹಾಕುವ ಮುಂಬೈ ಕನ್ನಡಿಗರಿಗಂತೂ ಇದು ಸಣ್ಣ ವಿಷಯವಲ್ಲ.

ಸೆಂಟರ್ ಸ್ಪೀಕರ್ ಮುಂದಿನ ಎಡ-ಬಲ ಸ್ಪೀಕರ್‌ಗಳ ಸರಣಿಯದ್ದೇ ಆಗಿರಲಿ. ಬೇರೆ ಬೇರೆ ಸರಣಿಯಾದರೆ ಪಾತ್ರ ಪರದೆಯ ಎಡದಿಂದ ಬಲಕ್ಕೆ ನಡೆಯುವಾಗ ದನಿಯೇ ಬದಲಾದಂತೆ ಕೇಳುತ್ತದೆ. ಎರಡು ವೂಫರ್‌ಗಳ ನಡುವೆ ಒಂದು ಟ್ವೀಟರ್ ಇಟ್ಟು ಅಡ್ಡಲಾಗಿ ಮಲಗಿಸಿದ ಅಗ್ಗದ ವಿನ್ಯಾಸಗಳಲ್ಲಿ ಎದುರು ಕೂತವರಿಗೆ ಮಾತು ಸ್ಪಷ್ಟ, ಬದಿಗೆ ಕೂತವರಿಗೆ ಮಂಕು. ಹಾಲ್‌ನಲ್ಲಿ ನಾಲ್ಕೈದು ಜನ ಹರಡಿ ಕೂರುವುದಾದರೆ ತ್ರೀ-ವೇ ವಿನ್ಯಾಸದ ಸೆಂಟರ್ ಸ್ಪೀಕರ್ ನೋಡಿ.

ಟಿವಿ ಯೂನಿಟ್‌ನ ಕಪಾಟಿನೊಳಗೆ ಸ್ಪೀಕರ್ ತುರುಕುವುದು ಸಾಮಾನ್ಯ ತಪ್ಪು. ಗಾಜಿನ ಬಾಗಿಲ ಹಿಂದೆ ಇಟ್ಟ ಸೆಂಟರ್ ಸ್ಪೀಕರ್ ಡಬ್ಬದೊಳಗಿಂದ ಮಾತಾಡಿದಂತೆ ಕೇಳುತ್ತದೆ. ಕಪಾಟಿನ ಅಂಚಿಗೆ ತಂದು, ಮುಂಭಾಗವನ್ನು ಕೊಂಚ ಮೇಲಕ್ಕೆತ್ತಿ ಕಿವಿಯತ್ತ ತಿರುಗಿಸಿದರೆ ಖರ್ಚಿಲ್ಲದೆ ಅರ್ಧ ಸಮಸ್ಯೆ ಪರಿಹಾರ.

ಸಾವಿರ ವ್ಯಾಟ್ ಯಾರಿಗೆ ಬೇಕು?

ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿರುವ 'ಪಿಎಂಪಿಒ' ಸಂಖ್ಯೆಯನ್ನು ಮರೆತುಬಿಡಿ. ಅದನ್ನು ಅಳೆಯಲು ಎಲ್ಲರೂ ಒಪ್ಪಿದ ಮಾನದಂಡವೇ ಇಲ್ಲ. ನೋಡಬೇಕಾದ್ದು 'ಆರ್‌ಎಂಎಸ್' ಸಂಖ್ಯೆ. ಅದರಲ್ಲೂ ಎರಡು ಚಾನೆಲ್ ಮಾತ್ರ ಓಡಿಸಿ ಅಳೆದದ್ದೋ, ಐದನ್ನೂ ಓಡಿಸಿ ಅಳೆದದ್ದೋ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ.

ನಿಜಕ್ಕೂ ಎಷ್ಟು ಬೇಕು? ಸ್ಪೀಕರ್‌ನ 'ಸೆನ್ಸಿಟಿವಿಟಿ' 88 ಡೆಸಿಬೆಲ್ ಎಂದಿದ್ದರೆ, 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಅಷ್ಟು ಸದ್ದು ಎಂದರ್ಥ. ಎರಡೂವರೆ ಮೀಟರ್ ದೂರದ ಸೋಫಾಗೆ ಬರುವಾಗ ಅದು ಸುಮಾರು 80 ಡೆಸಿಬೆಲ್. ಇಬ್ಬರು ಎದುರುಬದುರು ಕೂತು ಆಡುವ ಮಾತು 60 ಡೆಸಿಬೆಲ್ ಆಸುಪಾಸು ಎಂಬುದನ್ನು ನೆನಪಿಡಿ. ವ್ಯಾಟ್ ದುಪ್ಪಟ್ಟಾದರೆ ಸದ್ದು ಏರುವುದು ಕೇವಲ 3 ಡೆಸಿಬೆಲ್. ಹತ್ತು ಪಟ್ಟಾದರೆ 10. ಅಂದರೆ 10 ವ್ಯಾಟ್‌ಗೆ 90 ಡೆಸಿಬೆಲ್, 50 ವ್ಯಾಟ್‌ಗೆ 97. ಫ್ಲ್ಯಾಟ್‌ನಲ್ಲಿ ಅಷ್ಟು ಸದ್ದು ಮಾಡಿದರೆ ಸಿನಿಮಾ ಮುಗಿಯುವ ಮೊದಲೇ ಬಾಗಿಲ ಗಂಟೆ ಬಾರಿಸುತ್ತದೆ.

ಆದ್ದರಿಂದ 87-88 ಡೆಸಿಬೆಲ್‌ಗಿಂತ ಹೆಚ್ಚು ಸೆನ್ಸಿಟಿವಿಟಿಯ, 6 ಅಥವಾ 8 ಓಮ್‌ನ ಪುಟ್ಟ ಬುಕ್‌ಶೆಲ್ಫ್ ಸ್ಪೀಕರ್‌ಗಳು, ಸಾಧಾರಣ ಎವಿ ರಿಸೀವರ್ ಸಾಕು. 4 ಓಮ್‌ನ ಸ್ಪೀಕರ್ ಆದರೆ ರಿಸೀವರ್ ಅದನ್ನು ತಡೆದುಕೊಳ್ಳುತ್ತದೆಯೇ ಎಂದು ಕೇಳಿ ನೋಡಿ. ನೆಲದ ಮೇಲೆ ನಿಲ್ಲುವ ಉದ್ದನೆಯ ಟವರ್ ಸ್ಪೀಕರ್ ಈ ಅಳತೆಯ ಹಾಲ್‌ಗೆ ಅಗತ್ಯವಿಲ್ಲ. ಅದರ ಬಾಸ್ ಕೆಲಸವನ್ನು ಹೇಗೂ ಸಬ್‌ವೂಫರ್ ಮಾಡುತ್ತದೆ. ಗೋಡೆಗೆ ಹತ್ತಿರ ಇಡಬೇಕಾಗಿರುವುದರಿಂದ ಹಿಂಬದಿಯಲ್ಲಿ ಗಾಳಿರಂಧ್ರವಿರುವ ಸ್ಪೀಕರ್‌ಗಿಂತ ಮುಂಭಾಗದಲ್ಲಿ ರಂಧ್ರವಿರುವ ಅಥವಾ ಪೂರ್ತಿ ಮುಚ್ಚಿದ ಪೆಟ್ಟಿಗೆಯ ಸ್ಪೀಕರ್ ಉತ್ತಮ.

ಅತಿ ಚಿಕ್ಕದೂ ಬೇಡ. ಅಂಗೈಯಗಲದ ಸ್ಯಾಟಲೈಟ್ ಸ್ಪೀಕರ್‌ಗಳಿಗೆ 120-150 ಹರ್ಟ್ಸ್‌ಗಿಂತ ಕೆಳಗಿನ ಸ್ವರ ಹೊರಡಿಸುವುದು ಕಷ್ಟ. ಆಗ ಆ ಭಾರವೂ ಸಬ್‌ವೂಫರ್ ಮೇಲೆ ಬಿದ್ದು, ಗಂಡು ದನಿಯ ಕೆಳಭಾಗ ಮೂಲೆಯಿಂದ ಬಂದಂತೆ ಕೇಳುತ್ತದೆ. 5 ಇಂಚಿನ ವೂಫರ್ ಇರುವ ಸ್ಪೀಕರ್ ಆದರೆ ಹೋಂ ಥಿಯೇಟರ್‌ಗಳಲ್ಲಿ ಚಾಲ್ತಿಯಲ್ಲಿರುವ 80 ಹರ್ಟ್ಸ್ ಗಡಿರೇಖೆಗೆ ಹೊಂದಿಕೊಳ್ಳುತ್ತದೆ.

ಸಬ್‌ವೂಫರ್: ಕೆಳಮನೆಯವರ ನಿದ್ದೆಯ ಪ್ರಶ್ನೆ

ಫ್ಲ್ಯಾಟ್‌ಗಳಲ್ಲಿ ಹೋಂ ಥಿಯೇಟರ್ ಜಗಳಗಳ ಮೂಲ ಹೆಚ್ಚಾಗಿ ಇದೊಂದೇ ಪೆಟ್ಟಿಗೆ. ಇದಕ್ಕೆ ಭೌತಶಾಸ್ತ್ರದ ಕಾರಣವಿದೆ. ಗೋಡೆ ಸದ್ದನ್ನು ತಡೆಯುವ ಶಕ್ತಿ ಆವರ್ತನದ ಮೇಲೆ ನಿಂತಿದೆ. ಆವರ್ತನ ಅರ್ಧಕ್ಕಿಳಿದರೆ ಆ ತಡೆ ಸರಿಸುಮಾರು 6 ಡೆಸಿಬೆಲ್‌ನಷ್ಟು ಕುಗ್ಗುತ್ತದೆ. ಮಾತು, ಸಂಗೀತದ ಮೇಲಿನ ಸ್ವರಗಳು ಗೋಡೆಯಲ್ಲೇ ನಿಲ್ಲುತ್ತವೆ, 40-50 ಹರ್ಟ್ಸ್‌ನ ಗುಡುಗು ದಾಟಿಹೋಗುತ್ತದೆ. ಸಾಲದ್ದಕ್ಕೆ ನೆಲದ ಮೇಲೆ ಕೂತ ಸಬ್‌ವೂಫರ್ ಸ್ಲ್ಯಾಬ್ ಅನ್ನೇ ನಡುಗಿಸುತ್ತದೆ. ಮೇಲಿನ ಮನೆಯಲ್ಲಿ 'ಮಜಾ', ಕೆಳಗಿನ ಮನೆಯಲ್ಲಿ ಪಾತ್ರೆ ಸ್ಟ್ಯಾಂಡ್ ಅಲುಗಾಟ.

ಕೋಣೆಯದ್ದೂ ಒಂದು ಪಾಲಿದೆ. ನಮ್ಮ ಉದಾಹರಣೆಯ 14 ಅಡಿ ಉದ್ದದ ಹಾಲ್ ಸುಮಾರು 40 ಹರ್ಟ್ಸ್‌ನಲ್ಲಿ, 10 ಅಡಿ ಅಗಲ ಸುಮಾರು 56 ಹರ್ಟ್ಸ್‌ನಲ್ಲಿ ತಾನೇ ಅನುರಣಿಸುತ್ತದೆ. ಗೋಡೆಗಳ ನಡುವೆ ಅಲೆ ಹಿಂದೆ ಮುಂದೆ ಬಡಿದು ಆ ಎರಡು ಸ್ವರಗಳಷ್ಟೇ ಊದಿಕೊಳ್ಳುತ್ತವೆ. 'ಬಾಸ್ ಗುಂಯ್ ಅನ್ನುತ್ತದೆ' ಎನ್ನುವುದು ಇದಕ್ಕೇ. ದೊಡ್ಡ ಸಬ್‌ವೂಫರ್ ತಂದರೆ ಗುಂಯ್ ಕೂಡ ದೊಡ್ಡದಾಗುತ್ತದೆ, ಅಷ್ಟೇ.

ಈ ಗಾತ್ರದ ಹಾಲ್‌ಗೆ 8 ಅಥವಾ 10 ಇಂಚಿನ, ಮುಚ್ಚಿದ ಪೆಟ್ಟಿಗೆಯ ಸಬ್‌ವೂಫರ್ ಧಾರಾಳವಾಯಿತು. ಮುಚ್ಚಿದ ಪೆಟ್ಟಿಗೆಯಲ್ಲಿ ಕೆಳಸ್ವರ ನಿಧಾನವಾಗಿ ಇಳಿಯುತ್ತದೆ, ಸಣ್ಣ ಕೋಣೆ ಅದನ್ನು ತಾನಾಗಿಯೇ ಸ್ವಲ್ಪ ತುಂಬಿಕೊಡುತ್ತದೆ. ಇಡುವ ಜಾಗ ಹುಡುಕಲು ಹಳೆಯದೊಂದು ಉಪಾಯವಿದೆ: ಸಬ್‌ವೂಫರ್ ಅನ್ನು ಸೋಫಾದ ಮೇಲೆ ನೀವು ಕೂರುವಲ್ಲಿ ಇಟ್ಟು, ಬಾಸ್ ಹೆಚ್ಚಿರುವ ಹಾಡು ಹಾಕಿ, ಕೋಣೆಯ ಅಂಚಿನಲ್ಲಿ ಮೊಣಕಾಲೂರಿ ಹರಿದಾಡಿ. ಎಲ್ಲಿ ಬಾಸ್ ಸಮನಾಗಿ ಕೇಳುತ್ತದೋ ಅಲ್ಲಿ ಪೆಟ್ಟಿಗೆ ಇಡಿ. ನೋಡುವವರಿಗೆ ನಗು ಬರಬಹುದು, ಫಲಿತಾಂಶ ಮಾತ್ರ ಗಂಭೀರ.

ಫ್ಲ್ಯಾಟ್‌ನಲ್ಲಿ ಇನ್ನೊಂದು ದಾರಿಯೂ ಇದೆ. ಸಬ್‌ವೂಫರ್ ಅನ್ನು ಸೋಫಾದ ಪಕ್ಕದಲ್ಲೇ ಇಟ್ಟರೆ ಕಡಿಮೆ ವಾಲ್ಯೂಮ್‌ನಲ್ಲೇ ನಿಮಗೆ ಸಾಕಷ್ಟು ಬಾಸ್ ಸಿಗುತ್ತದೆ, ನೆರೆಯವರಿಗೆ ಹೋಗುವ ಪಾಲೂ ಇಳಿಯುತ್ತದೆ. ಕೆಳಗೆ ದಪ್ಪ ಫೋಮ್ ಅಥವಾ ರಬ್ಬರ್ ಪ್ಯಾಡ್ ಹಾಕಿದರೆ ನೆಲಕ್ಕೆ ಇಳಿಯುವ ಕಂಪನ ತಗ್ಗುತ್ತದೆ. ಆದರೆ ಗಾಳಿಯ ಮೂಲಕ ಗೋಡೆಗೆ ಹೋಗುವ ಬಾಸ್‌ಗೆ ಪ್ಯಾಡ್ ಏನೂ ಮಾಡದು. ರಾತ್ರಿ ಹೊತ್ತು ರಿಸೀವರ್‌ನ 'ನೈಟ್ ಮೋಡ್' ಬಳಸಿದರೆ ಜೋರಿನ ಸದ್ದು ತಗ್ಗಿ, ಮೆಲುಮಾತು ಏರುತ್ತದೆ.

ಕಾನೂನು ಏನು ಹೇಳುತ್ತದೆ?

ಶಬ್ದ ಮಾಲಿನ್ಯ ನಿಯಮಗಳು-2000ರ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಎಂದರೆ 10ರಿಂದ ಬೆಳಗಿನ 6. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ ಮೌನ ವಲಯದಲ್ಲಿ ಇದು 50 ಮತ್ತು 40. ಖಾಸಗಿ ಮನೆಯ ಮ್ಯೂಸಿಕ್ ಸಿಸ್ಟಂಗೂ ನಿಯಮ ಅನ್ವಯಿಸುತ್ತದೆ: ಮನೆಯ ಗಡಿಯಲ್ಲಿ ಅಳೆದಾಗ ಅದರ ಸದ್ದು ಆ ಪ್ರದೇಶದ ಮಿತಿಗಿಂತ 5 ಡೆಸಿಬೆಲ್‌ಗೂ ಹೆಚ್ಚು ಮೀರುವಂತಿಲ್ಲ.

ದಾದರ್‌ನವರಿಗೆ ಈ ವಿಷಯ ಹೊಸದಲ್ಲ. ನಿವಾಸಿಗಳ ಸಂಘಟನೆಯೊಂದು ಸಲ್ಲಿಸಿದ ಅರ್ಜಿಯ ಮೇಲೆ 2010ರಲ್ಲಿ ಬಾಂಬೆ ಹೈಕೋರ್ಟ್ ಶಿವಾಜಿ ಪಾರ್ಕ್ ಮೈದಾನವನ್ನು ಮೌನ ವಲಯ ಎಂದು ಘೋಷಿಸಿತ್ತು. ಮೈದಾನದ ಧ್ವನಿವರ್ಧಕದ ವಿರುದ್ಧ ಕೋರ್ಟ್ ಮೆಟ್ಟಿಲೇರಿದ ಬಡಾವಣೆಯಲ್ಲಿ ಮೇಲಂತಸ್ತಿನ ಸಬ್‌ವೂಫರ್‌ಗೆ ವಿನಾಯಿತಿ ಸಿಗಲಾರದು.

ಇಲ್ಲೊಂದು ಸೂಕ್ಷ್ಮವಿದೆ. ಕಾನೂನಿನ ಅಳತೆ 'ಎ-ವೆಯ್ಟೆಡ್' ಡೆಸಿಬೆಲ್‌ನಲ್ಲಿ. ಆ ಮಾಪಕ 50 ಹರ್ಟ್ಸ್‌ನ ಸದ್ದನ್ನು ಸುಮಾರು 30 ಡೆಸಿಬೆಲ್ ಕಡಿತಗೊಳಿಸಿ ತೋರಿಸುತ್ತದೆ. ಹಾಗಾಗಿ ಮೀಟರ್‌ನಲ್ಲಿ ಮಿತಿಯೊಳಗೇ ಇದ್ದರೂ ಪಕ್ಕದ ಮನೆಯ ಹಾಸಿಗೆಯಲ್ಲಿ ಗುಡುಗು ಕೇಳಿಸುತ್ತಿರಬಹುದು. ಮೊಬೈಲ್ ಆ್ಯಪ್‌ನ ಅಂಕಿ ತೋರಿಸಿ ವಾದ ಗೆಲ್ಲುವುದಕ್ಕಿಂತ, ಪೆಟ್ಟಿಗೆ ಇಟ್ಟ ದಿನವೇ ಒಂದು ದೃಶ್ಯ ಓಡಿಸಿ ಕೆಳಗಿನವರ ಮನೆಯಲ್ಲಿ ನಿಂತು ಕೇಳಿ ಬರುವುದು ಒಳ್ಳೆಯದು.

ಅಟ್ಮಾಸ್ ಬೇಕೇ?

2012ರಲ್ಲಿ 'ಬ್ರೇವ್' ಚಿತ್ರದೊಂದಿಗೆ ಚಿತ್ರಮಂದಿರಕ್ಕೆ ಬಂದ ಡಾಲ್ಬಿ ಅಟ್ಮಾಸ್‌ನಲ್ಲಿ ಸದ್ದು ತಲೆಯ ಮೇಲಿನಿಂದಲೂ ಬರುತ್ತದೆ. 5.1.2 ಎಂಬಲ್ಲಿನ ಕೊನೆಯ 2 ಆ ಮೇಲಿನ ಸ್ಪೀಕರ್‌ಗಳ ಲೆಕ್ಕ. ಚಾವಣಿ ಕೊರೆಯಲಾಗದವರಿಗೆ ಸದ್ದನ್ನು ಮೇಲಕ್ಕೆ ಹಾರಿಸಿ ಚಾವಣಿಯಿಂದ ಪುಟಿಸುವ 'ಅಪ್-ಫೈರಿಂಗ್' ಸ್ಪೀಕರ್‌ಗಳಿವೆ. ಇವಕ್ಕೆ ಚಾವಣಿ ಸಮತಟ್ಟಾಗಿರಬೇಕು, ಎತ್ತರ ಏಳೂವರೆಯಿಂದ 12 ಅಡಿಯೊಳಗಿದ್ದರೆ ಉತ್ತಮ. ಹೊಸ ಟವರ್‌ಗಳಲ್ಲಿ ಇದು ಸರಿಹೊಂದುತ್ತದೆ. ಹಳೆಯ ಕಟ್ಟಡಗಳ ಎತ್ತರದ, ತೊಲೆ ಅಡ್ಡಬಂದಿರುವ ಚಾವಣಿಯಲ್ಲಿ ಪುಟಿಯುವ ಸದ್ದು ಎಲ್ಲಿಗೋ ಹೋಗುತ್ತದೆ. ಸದ್ದು ತಾಗುವ ಜಾಗದಲ್ಲೇ ಸೀಲಿಂಗ್ ಫ್ಯಾನ್ ಇದ್ದರೂ ಅಷ್ಟೇ. ಮೊದಲು ಒಳ್ಳೆಯ 5.1, ಆಮೇಲೆ ಅಟ್ಮಾಸ್.

ನೀವು ನೋಡುವುದೇನು ಎಂಬುದೂ ಮುಖ್ಯ. ಡಿಟಿಎಚ್‌ನ ಧಾರಾವಾಹಿ, ಸುದ್ದಿಗಳು ಬಹುಪಾಲು ಎರಡೇ ಚಾನೆಲ್‌ನವು. ಒಟಿಟಿಯಲ್ಲಿ 5.1 ಸಿಗುತ್ತದೆ, ಆದರೆ ಎಲ್ಲ ಪ್ಲ್ಯಾನ್‌ನಲ್ಲೂ ಅಟ್ಮಾಸ್ ಇರುವುದಿಲ್ಲ. ನೆಟ್‌ಫ್ಲಿಕ್ಸ್‌ನಲ್ಲಿ ಅದು ಪ್ರೀಮಿಯಂ ಚಂದಾದಾರರಿಗೆ ಮಾತ್ರ. ಟಿವಿಯಿಂದ ರಿಸೀವರ್‌ಗೆ ಎಚ್‌ಡಿಎಂಐನ 'ಎಆರ್‌ಸಿ' ಅಥವಾ 'ಇಎಆರ್‌ಸಿ' ಎಂದು ಬರೆದ ಕಿಂಡಿಯಿಂದಲೇ ಸಂಪರ್ಕ ಕೊಡಿ. ಹಳೆಯ ಆಪ್ಟಿಕಲ್ ಕೇಬಲ್‌ನಲ್ಲಿ 5.1 ಸಾಗುತ್ತದೆ, ಅಟ್ಮಾಸ್ ಸಾಗುವುದಿಲ್ಲ.

ಸೌಂಡ್‌ಬಾರ್ ಸಾಕೇ?

ಒಂದೇ ಕೋಣೆಯ ಮನೆಗೆ, ಬಾಡಿಗೆ ಮನೆಗೆ, ಪದೇ ಪದೇ ಸ್ಥಳ ಬದಲಿಸುವವರಿಗೆ ಸಾಕು. ಆದರೆ ಒಂದೇ ಪಟ್ಟಿಯಿಂದ ಸುತ್ತಲೂ ಸದ್ದು ಎಂಬ ಜಾಹೀರಾತನ್ನು ಪೂರ್ತಿ ನಂಬಬೇಡಿ. ಪಕ್ಕದ ಗೋಡೆಗಳಿಗೆ ಸದ್ದು ಪುಟಿಸಿ ಆಗಬೇಕಾದ ಕೆಲಸ ಅದು. ಒಂದು ಬದಿ ಗೋಡೆ, ಇನ್ನೊಂದು ಬದಿ ತೆರೆದ ಅಡುಗೆಮನೆ ಇದ್ದರೆ ಪುಟಿಯುವುದು ಎಲ್ಲಿಂದ? ಪ್ರತ್ಯೇಕ ಸೆಂಟರ್ ಚಾನೆಲ್ ಮತ್ತು ಪ್ರತ್ಯೇಕ ಹಿಂಬದಿ ಸ್ಪೀಕರ್ ಇರುವ ಸೌಂಡ್‌ಬಾರ್ ಆದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. 'ವೈರ್‌ಲೆಸ್' ಎಂದರೂ ಬಹುತೇಕ ಹಿಂಬದಿ ಸ್ಪೀಕರ್‌ಗಳಿಗೆ ಕರೆಂಟ್ ಪ್ಲಗ್ ಬೇಕೇ ಬೇಕು. ಸೋಫಾದ ಬಳಿ ಪ್ಲಗ್ ಇದೆಯೇ ನೋಡಿಕೊಳ್ಳಿ.

ಕಟ್ಟಡ ರೀಡೆವಲಪ್‌ಮೆಂಟ್‌ಗೆ ಹೋಗುವುದಿದೆಯೇ?

ದಾದರ್‌ನ ಹಳೆಯ ಸೊಸೈಟಿಗಳಲ್ಲಿ ಇದು ಸದಾ ಇರುವ ಪ್ರಶ್ನೆ. ಎರಡು ಮೂರು ವರ್ಷದಲ್ಲಿ ಮನೆ ಖಾಲಿ ಮಾಡಬೇಕಾದರೆ ಗೋಡೆ ಕೊರೆದು ವೈರ್ ಹುದುಗಿಸುವ ಖರ್ಚು ವ್ಯರ್ಥ. ಗೋಡೆಯಂಚಿನ ಪ್ಲಾಸ್ಟಿಕ್ ಪಟ್ಟಿಯಲ್ಲಿ ವೈರ್ ಎಳೆದು, ಸ್ಪೀಕರ್‌ಗಳನ್ನು ಸ್ಟ್ಯಾಂಡ್ ಮೇಲೆ ಇಡಿ. ಹೊಸ ಫ್ಲ್ಯಾಟ್‌ನ ಒಳಾಂಗಣ ಕೆಲಸ ಶುರುವಾಗುವಾಗ ಟಿವಿ ಗೋಡೆಯಿಂದ ಸೋಫಾದ ಎರಡೂ ಬದಿಗೆ ಖಾಲಿ ಪೈಪ್ ಹಾಕಿಸಿ. ಪ್ಲಾಸ್ಟರ್ ಆಗುವ ಮುನ್ನ ಇದು ಚಿಲ್ಲರೆ ಖರ್ಚು, ಆಮೇಲೆ ದೊಡ್ಡ ರಗಳೆ.

ವೈರ್ ಶುದ್ಧ ತಾಮ್ರದ್ದೇ ಎಂದು ಖಚಿತಪಡಿಸಿಕೊಳ್ಳಿ. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ವೈರ್ ನೋಡಲು ಒಂದೇ ರೀತಿ ಇರುತ್ತದೆ. ತುದಿಯನ್ನು ಬ್ಲೇಡಿನಿಂದ ಕೆರೆದರೆ ಒಳಗಿನ ಬಿಳಿ ಬಣ್ಣ ಗುಟ್ಟು ರಟ್ಟು ಮಾಡುತ್ತದೆ. ಹಾಲ್‌ನೊಳಗಿನ ದೂರಕ್ಕೆ 16 ಗೇಜ್ ಸಾಕು.

ಅಂಗಡಿಯಲ್ಲಿ ಏನು ಕೇಳಬೇಕು?

ಪಶ್ಚಿಮ ರೈಲ್ವೆಯಲ್ಲಿ ದಾದರ್‌ನಿಂದ ಐದನೇ ನಿಲ್ದಾಣ ಗ್ರ್ಯಾಂಟ್ ರೋಡ್. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಲ್ಯಾಮಿಂಗ್ಟನ್ ರೋಡ್, ಮುಂಬೈನ ಹೆಸರಾಂತ ಎಲೆಕ್ಟ್ರಾನಿಕ್ಸ್ ಪೇಟೆ. ಹೋಗುವಾಗ ನಿಮಗೆ ಚೆನ್ನಾಗಿ ಪರಿಚಯವಿರುವ ಸಿನಿಮಾ ದೃಶ್ಯವೊಂದನ್ನು ಆಯ್ದುಕೊಳ್ಳಿ. ಅಂಗಡಿಯವರು ಹಾಕುವುದು ಹೆಲಿಕಾಪ್ಟರ್, ಸ್ಫೋಟ. ನೀವು ಮಾತಿನ ದೃಶ್ಯ ಕೇಳಿ. ಎರಡು ಸ್ಪೀಕರ್ ಹೋಲಿಸುವಾಗ ವಾಲ್ಯೂಮ್ ಸಮನಾಗಿರಲಿ, ಏಕೆಂದರೆ ಕೊಂಚ ಜೋರಾಗಿರುವುದೇ ಕಿವಿಗೆ 'ಚೆನ್ನಾಗಿದೆ' ಎನಿಸುತ್ತದೆ.

ಅಮೆರಿಕದಲ್ಲಿರುವ ಬಂಧುಗಳಿಂದ ತರಿಸುವ ಯೋಚನೆ ಇದ್ದರೆ ಒಂದು ಎಚ್ಚರಿಕೆ. ವಿದ್ಯುತ್ ಬೇಡದ ಪ್ಯಾಸಿವ್ ಸ್ಪೀಕರ್ ಎಲ್ಲಿಯದಾದರೂ ನಡೆಯುತ್ತದೆ. ಆದರೆ ರಿಸೀವರ್, ಸಬ್‌ವೂಫರ್ ಅಲ್ಲಿನ 120 ವೋಲ್ಟ್‌ಗೆ ಮಾತ್ರ ಮಾಡಿದ್ದಾದರೆ ನಮ್ಮ 230 ವೋಲ್ಟ್‌ಗೆ ಸಿಕ್ಕಿಸಿದ ಕೂಡಲೇ ಸುಡಬಹುದು. ಅಧಿಕೃತ ಮಾರಾಟಗಾರರಲ್ಲದವರು ತರಿಸಿದ ಮಾಲಿಗೆ ಭಾರತದ ವಾರಂಟಿ ಸಿಗದಿರುವ ಸಾಧ್ಯತೆಯೂ ಇದೆ. ಬಿಲ್ ಜೋಪಾನವಾಗಿಡಿ. ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಂಖ್ಯೆ 1915.

ಮಳೆಗಾಲ ಮತ್ತು ಸಮುದ್ರದ ಗಾಳಿ

ದಾದರ್‌ನ ಪಶ್ಚಿಮಕ್ಕೆ ಸಮುದ್ರ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಇಲ್ಲಿನ ತೇವ ಸ್ಪೀಕರ್‌ಗೆ ಶತ್ರು. ವೂಫರ್ ಕೋನ್‌ನ ಸುತ್ತಲಿನ ಉಂಗುರ ಫೋಮ್‌ನದ್ದಾದರೆ ಕೆಲವು ವರ್ಷಗಳಲ್ಲಿ ಪುಡಿಯಾಗಿ ಉದುರುತ್ತದೆ, ರಬ್ಬರ್ ಆದರೆ ಹೆಚ್ಚು ಬಾಳುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಜಾಲರಿ ತೆಗೆಸಿ ಮೊದಲು ಈ ಉಂಗುರವನ್ನೇ ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಬೇಕು. ಪೆಟ್ಟಿಗೆಯ ಎಂಡಿಎಫ್ ಹಲಗೆ ನೀರು ಕುಡಿದರೆ ಉಬ್ಬುತ್ತದೆ, ಮಳೆ ಎರಚುವ ಕಿಟಕಿಯ ಕೆಳಗೆ, ಸೋರುವ ಗೋಡೆಯ ಪಕ್ಕ ಇಡಬೇಡಿ. ವೈರ್‌ನ ಬರಿಯ ತಾಮ್ರದ ತುದಿ ಒಂದೆರಡು ಮಳೆಗಾಲದಲ್ಲಿ ಹಸಿರುಗಟ್ಟುತ್ತದೆ. ಬನಾನಾ ಪ್ಲಗ್ ಹಾಕಿಸಿ, ಅಥವಾ ವರ್ಷಕ್ಕೊಮ್ಮೆ ಮಳೆ ನಿಂತ ಮೇಲೆ ಆ ತುದಿ ಕತ್ತರಿಸಿ ಹೊಸದಾಗಿ ಬಿಗಿಯಿರಿ.